ಹಿಡಿದ ಮೊಲಕ್ಕೆ ಮೂರೇ ಕಾಲು

‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಇತರರಿಗಾಗಿ ಮೀಸಲಿಟ್ಟಿರುತ್ತೇವೆ. ಸರ್ವೆಯವರು ಅಳೆದು ಕಲ್ಲು ಹಾಕಿದರೂ ಗಡಿಯನ್ನು ಒಪ್ಪದ ನೆರೆಯವರು, ವೈದ್ಯರು ಸ್ಪಷ್ಟವಾಗಿ ಹೇಳಿದರೂ ಕುಡಿತ ಬಿಡದ ಬಂಧು, ಇಂಥವರ ಪ್ರಸ್ತಾಪ ಬಂದಾಗ ಆ ಗಾದೆ ತಾನಾಗಿಯೇ ಬಾಯಿಗೆ ಬರುತ್ತದೆ. ನಮ್ಮ ಕೈಯಲ್ಲೇ ಇರುವ ಮೊಲದ ಕಾಲುಗಳನ್ನು ಎಣಿಸಬೇಕಾಗಿ ಬಂದಾಗ ಮಾತ್ರ ಅದು ನೆನಪಿಗೆ ಬರುವುದಿಲ್ಲ.

ಕಣ್ಣಿಗೆ ಕಾಣುವ ಸತ್ಯವನ್ನೂ ಮನುಷ್ಯನು ಏಕೆ ಒಪ್ಪುವುದಿಲ್ಲ? ಒಪ್ಪದಿದ್ದವನು ಮುಂದೊಂದು ದಿನ ಒಪ್ಪುವುದಾದರೂ ಹೇಗೆ? ತಿಳಿವಳಿಕೆಯ ಕೊರತೆಯೇ ಕಾರಣವೆಂಬುದು ಮೊದಲ ಪ್ರಶ್ನೆಗೆ ನಾವು ಕೊಡುವ ಸುಲಭದ ಉತ್ತರ. ಅದು ಅರ್ಧ ಸತ್ಯ ಮಾತ್ರ. ಒಂದು ನಂಬಿಕೆಯನ್ನು ಬಿಡುವಾಗ ಅದರೊಂದಿಗೆ ಇನ್ನೇನನ್ನು ಬಿಡಬೇಕಾಗುತ್ತದೆ, ಕೂಲಿಯನ್ನೇ, ಮಾನವನ್ನೇ, ಜೊತೆಗಾರರನ್ನೇ, ಮನಸ್ಸಿನ ನೆಮ್ಮದಿಯನ್ನೇ ಎಂಬುದು ಉಳಿದ ಅರ್ಧ. ಇಲ್ಲಿ ನಂಬಿಕೆ ಎಂದರೆ ದೇವರ ಮೇಲಣ ವಿಶ್ವಾಸವೆಂದು ತಿಳಿಯಬಾರದು. ಆರೋಗ್ಯ, ಕೃಷಿ, ಮನೆತನ, ನೆರೆಹೊರೆಗಳ ಬಗ್ಗೆ ನಾವು ದಿನನಿತ್ಯ ಇಟ್ಟುಕೊಂಡಿರುವ ಅಭಿಪ್ರಾಯಗಳೇ ಇಲ್ಲಿನ ವಿಷಯ. ಇದನ್ನು ಅರಿಯಲು ದೂರದೇಶದ ಉದಾಹರಣೆಯನ್ನು ಹುಡುಕಬೇಕಾಗಿಲ್ಲ. ಪುತ್ತೂರು ತಾಲೂಕಿನ ಪಾಣಾಜೆಯಿಂದ ಕೇರಳದ ಗಡಿ ದಾಟಿದರೆ ಸಾಕು.

‘ಮದ್ದು’ ಎಂಬ ಹೆಸರು

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ, ವಾಣೀನಗರಗಳು ಕನ್ನಡ, ತುಳು ಮಾತನಾಡುವ ಊರುಗಳು. ಸುತ್ತಲೂ ಗುಡ್ಡಗಳು; ಗುಡ್ಡಗಳ ಮೇಲೆ ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನಿನ ಗೇರುತೋಟಗಳು. ಕಾಸರಗೋಡು ಪ್ರದೇಶದಲ್ಲಿ ಈ ತೋಟಗಳ ವಿಸ್ತಾರ 4,600 ಹೆಕ್ಟೇರಿಗೂ ಅಧಿಕ. ಗೇರಿನ ಚಿಗುರು ಮತ್ತು ಹೂವಿನ ರಸ ಹೀರುವ ಟೀ ಸೊಳ್ಳೆಯೆಂಬ ಕೀಟದ ನಿವಾರಣೆಗಾಗಿ 1970ರ ದಶಕದ ಕೊನೆಯಿಂದ 2000ದ ತನಕ ಇಲ್ಲಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಗುತ್ತಿತ್ತು. ನಮ್ಮ ಜಿಲ್ಲೆಯಲ್ಲಿಯೂ ಕರ್ನಾಟಕ ಗೇರು ಅಭಿವೃದ್ಧಿ ನಿಗಮವು 1980ರ ದಶಕದಿಂದ ಕೊಕ್ಕಡ, ಪಟ್ರಮೆ, ನಿಡ್ಲೆ ಮುಂತಾದ ಕಡೆಗಳಲ್ಲಿ ಇದೇ ಕ್ರಮವನ್ನು ಅನುಸರಿಸಿತು. ಇಂದಿನ ಕಡಬ ತಾಲೂಕಿನ ಕೊಯಿಲದಲ್ಲಿ ಎಂಡೋಸಲ್ಫಾನ್ ಬಾಧಿತರಿಗಾಗಿ ಪಾಲನಾ ಕೇಂದ್ರವನ್ನು ತೆರೆಯಬೇಕಾಗಿ ಬಂದದ್ದು ಆ ವರ್ಷಗಳ ಉಳಿಕೆ.

ಇಪ್ಪತ್ತು ವರ್ಷಗಳ ಕಾಲ ಜನರು ಸುಮ್ಮನಿದ್ದುದೇಕೆ ಎಂದು ಇಂದು ಕೇಳುವುದು ಸುಲಭ. ಆದರೆ ಆಗಿನ ಮನಸ್ಸನ್ನು ಸ್ವಲ್ಪ ಅರ್ಥಮಾಡಿಕೊಳ್ಳಬೇಕು. ನಮ್ಮ ಕಡೆ ರೋಗಿಗೆ ಕೊಡುವ ಔಷಧಿಯೂ ‘ಮದ್ದು’, ತೋಟಕ್ಕೆ ಬಿಡುವ ಕೀಟನಾಶಕವೂ ‘ಮದ್ದು’. ಕೊಳೆರೋಗ ಬಂದ ಅಡಿಕೆಯನ್ನು ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ ಉಳಿಸಿಕೊಟ್ಟದ್ದನ್ನು ಪ್ರತಿ ಮನೆಯವರೂ ಬಲ್ಲರು. ಒಂದು ಮದ್ದು ಅನ್ನ ಕೊಟ್ಟಿದ್ದ ಮೇಲೆ ಇನ್ನೊಂದು ಮದ್ದನ್ನು ವಿಷವೆಂದು ಕಾಣಲು ಮನಸ್ಸು ಒಪ್ಪುವುದು ಹೇಗೆ? ಮೇಲಾಗಿ ಅದನ್ನು ಸಿಂಪಡಿಸುತ್ತಿದ್ದುದು ಸರಕಾರದ ಸಂಸ್ಥೆ. ಸಿಂಪಡಣೆಯ ದಿನ ಬಾವಿಗೆ ಮುಚ್ಚಿಗೆ ಹಾಕಬಹುದು. ಹರಿಯುವ ತೋಡಿಗೆ, ಗುಡ್ಡದೊಳಗಿನ ಸುರಂಗದಿಂದ ಇಳಿದು ಬರುವ ನೀರಿಗೆ ಮುಚ್ಚಿಗೆ ಎಲ್ಲಿಂದ ತರುವುದು? ಈ ಪ್ರಶ್ನೆ ಅಂದು ಹೆಚ್ಚಿನವರನ್ನು ಕಾಡಲಿಲ್ಲ.

ಬುದ್ಧಿಮಾಂದ್ಯ, ಅಂಗವೈಕಲ್ಯ, ಅಪಸ್ಮಾರಗಳಿಂದ ಬಳಲುವ ಮಕ್ಕಳು ಒಂದೇ ಪ್ರದೇಶದಲ್ಲಿ ಕಾಣತೊಡಗಿದಾಗ ಜನರು ಕಾರಣವನ್ನು ಹುಡುಕದೆ ಇರಲಿಲ್ಲ. ದೈವದ ಮುನಿಸು ಎಂದವರಿದ್ದರು. ಇದನ್ನು ಕೇಳಿ ನಾವು ನಗಬೇಕಾಗಿಲ್ಲ. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪ ಮಾಡಿದವರು ಇವನೋ ಇವನ ತಂದೆತಾಯಿಗಳೋ ಎಂದು ಪ್ರಭುವನ್ನು ಕೇಳಿದ ಪ್ರಸಂಗ ಸಂತ ಯೊವಾನ್ನರ ಶುಭಸಂದೇಶದಲ್ಲಿದೆ. ಇಬ್ಬರೂ ಅಲ್ಲವೆಂಬ ಉತ್ತರ ಸಿಕ್ಕಿ ಎರಡು ಸಾವಿರ ವರ್ಷಗಳಾಗುತ್ತ ಬಂದರೂ, ಅಂಗವಿಕಲ ಮಗುವಿನ ತಾಯಿಯನ್ನು ಕಂಡಾಗ ಅದೇ ಪ್ರಶ್ನೆಯನ್ನು ಪಿಸುಗುಟ್ಟುವವರು ನಮ್ಮಲ್ಲಿ ಇಲ್ಲವೆನ್ನಲಾಗದು. ಕಾರಣವಿಲ್ಲದ ದುಃಖವನ್ನು ಸಹಿಸುವುದಕ್ಕಿಂತ ತಪ್ಪು ಕಾರಣವನ್ನಾದರೂ ಹಿಡಿದುಕೊಳ್ಳುವುದು ಮನಸ್ಸಿಗೆ ಹಗುರ. ಆ ಹಗುರತನಕ್ಕೆ ಬೆಲೆ ತೆತ್ತವರು ಮಾತ್ರ, ತಮ್ಮಿಂದಲೇ ಏನೋ ತಪ್ಪಾಗಿದೆಯೆಂದು ಕೊರಗಿದ ತಾಯಂದಿರು.

ಒಂದೇ ವರ್ಷ, ಎರಡು ವರದಿ

2001ನೆಯ ಇಸವಿಯಲ್ಲಿ ಪಡ್ರೆಯ ಬಗ್ಗೆ ಎರಡು ಪ್ರಯೋಗಾಲಯಗಳ ವರದಿಗಳು ಬಂದವು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಅಲ್ಲಿನ ನೀರು, ಮಣ್ಣು, ಹಾಲು, ಮನುಷ್ಯರ ರಕ್ತ ಮುಂತಾದವುಗಳನ್ನು ಪರೀಕ್ಷಿಸಿ, ಎಂಡೋಸಲ್ಫಾನಿನ ಶೇಷವು ಅಧಿಕ ಪ್ರಮಾಣದಲ್ಲಿದೆಯೆಂದು ಪ್ರಕಟಿಸಿತು. ಪ್ಲಾಂಟೇಶನ್ ಕಾರ್ಪೊರೇಶನ್ ತನ್ನ ಕಡೆಯಿಂದ ನೇಮಿಸಿದ ಇನ್ನೊಂದು ಸಂಸ್ಥೆಯು ಅಂತಹ ಶೇಷ ಇಲ್ಲವೆಂದಿತು. ಊರು ಒಂದೇ, ವರ್ಷವೂ ಒಂದೇ. ತೀರ್ಮಾನಗಳು ಮಾತ್ರ ತದ್ವಿರುದ್ಧ. ಮೊದಲೇ ಒಂದು ಪಕ್ಷದಲ್ಲಿದ್ದವರು ತಮಗೆ ಬೇಕಾದ ವರದಿಯನ್ನು ಕೈಗೆತ್ತಿಕೊಂಡರು. ಬೇಡದ ವರದಿಯಲ್ಲಿ ಹುಳುಕು ಹುಡುಕಿದರು.

ಮನೋವಿಜ್ಞಾನಿಗಳಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಲಾರ್ಡ್ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಪ್ರಸಿದ್ಧವಾಗಿದೆ. ಮರಣದಂಡನೆಯನ್ನು ಬೆಂಬಲಿಸುವ 24 ಮತ್ತು ವಿರೋಧಿಸುವ 24 ವಿದ್ಯಾರ್ಥಿಗಳಿಗೆ ಎರಡು ಅಧ್ಯಯನಗಳನ್ನು ಓದಲು ಕೊಡಲಾಯಿತು. ಒಂದು ದಂಡನೆಯ ಪರ, ಇನ್ನೊಂದು ವಿರುದ್ಧ. ಎರಡನ್ನೂ ಓದಿದ ಮೇಲೆ ಅವರು ನಡುವಿನ ನಿಲುವಿಗೆ ಹತ್ತಿರ ಬರಬೇಕಿತ್ತಲ್ಲವೇ? ನಡೆದದ್ದು ಬೇರೆ. ತಮ್ಮ ಅಭಿಪ್ರಾಯಕ್ಕೆ ಹೊಂದುವ ಅಧ್ಯಯನವನ್ನು ಸಮರ್ಪಕವೆಂದೂ, ಹೊಂದದ್ದನ್ನು ದೋಷಪೂರ್ಣವೆಂದೂ ಉಭಯ ಪಕ್ಷದವರೂ ತೀರ್ಮಾನಿಸಿ, ಮೊದಲಿಗಿಂತಲೂ ಗಟ್ಟಿಯಾಗಿ ತಂತಮ್ಮ ನಿಲುವಿಗೆ ಅಂಟಿಕೊಂಡರು.

ಥಾಮಸ್ ಗಿಲೋವಿಚ್ ಎಂಬ ಮನೋವಿಜ್ಞಾನಿ 1991ರ ತನ್ನ ಗ್ರಂಥದಲ್ಲಿ ಈ ಗುಣವನ್ನು ಸರಳವಾಗಿ ವಿವರಿಸಿದ್ದಾನೆ. ಹಿತವಾದ ಸುದ್ದಿ ಬಂದಾಗ ನಾವು ‘ಇದನ್ನು ನಂಬಬಹುದೇ?’ ಎಂದು ಕೇಳಿಕೊಳ್ಳುತ್ತೇವೆ. ಒಂದು ಸಣ್ಣ ಆಧಾರ ಸಿಕ್ಕಿದರೂ ಸಾಕು. ಅಹಿತವಾದ ಸುದ್ದಿ ಬಂದಾಗ ‘ಇದನ್ನು ನಂಬಲೇಬೇಕೇ?’ ಎಂದು ಕೇಳಿಕೊಳ್ಳುತ್ತೇವೆ. ಒಂದು ಸಣ್ಣ ಸಂದೇಹ ಸಿಕ್ಕಿದರೂ ತಪ್ಪಿಸಿಕೊಳ್ಳುತ್ತೇವೆ. ಒಂದೇ ತಕ್ಕಡಿ, ಕೊಳ್ಳುವಾಗ ಒಂದು ತೂಕ, ಮಾರುವಾಗ ಇನ್ನೊಂದು ತೂಕ.

ಸತ್ಯಕ್ಕೆ ತೆರಬೇಕಾದ ಬೆಲೆ

ಮನಸ್ಸು ಹೀಗೆ ತೂಕ ತಪ್ಪಿಸುವುದೇಕೆ? ಇದಕ್ಕೆ ಉತ್ತರ ಹುಡುಕಿದವರಲ್ಲಿ ಲಿಯೊನ್ ಫೆಸ್ಟಿಂಗರ್ ಪ್ರಮುಖ. ಈತ 1957ರಲ್ಲಿ ಮಂಡಿಸಿದ ಸಿದ್ಧಾಂತದ ಬೀಜ ದೊರೆತದ್ದು ಭಾರತದಿಂದ ಎಂಬುದು ಗಮನಾರ್ಹ. 1934ರ ಜನವರಿ 15ರಂದು ಬಿಹಾರ ಮತ್ತು ನೇಪಾಳದಲ್ಲಿ ಭೀಕರ ಭೂಕಂಪವಾಯಿತು. ನೆಲ ನಡುಗಿದರೂ ಮನೆ ಬೀಳದ ಊರುಗಳಲ್ಲಿ, ಇನ್ನೂ ಘೋರವಾದ ವಿಪತ್ತು ಕಾದಿದೆಯೆಂಬ ವದಂತಿಗಳು ಹಬ್ಬಿದವು. ಸುರಕ್ಷಿತವಾಗಿ ಉಳಿದವರು ತಮ್ಮನ್ನು ತಾವೇ ಹೆದರಿಸಿಕೊಂಡದ್ದೇಕೆ? ಫೆಸ್ಟಿಂಗರನ ಉತ್ತರ ಹೀಗಿತ್ತು: ಭಯ ಆಗಲೇ ಮನಸ್ಸಿನಲ್ಲಿತ್ತು, ಹೆದರಲು ಕಣ್ಣೆದುರು ಕಾರಣವಿರಲಿಲ್ಲ. ವದಂತಿಯು ಭಯವನ್ನು ಹುಟ್ಟಿಸಲಿಲ್ಲ, ಅದಕ್ಕೆ ನೆಪವನ್ನು ಒದಗಿಸಿತು. ಮನಸ್ಸಿನಲ್ಲಿ ಎರಡು ಸಂಗತಿಗಳು ಒಂದಕ್ಕೊಂದು ಹೊಂದದೆ ಇದ್ದರೆ ಮನುಷ್ಯನು ಆ ಸಂಕಟವನ್ನು ತಾಳಲಾರ. ಯಾವುದು ಸುಲಭವೋ ಅದನ್ನು ತಿದ್ದಿಕೊಳ್ಳುತ್ತಾನೆ. ಕಳೆದುಹೋದ ಇಪ್ಪತ್ತು ವರ್ಷಗಳನ್ನು ತಿದ್ದಲಾಗದು, ಅಭಿಪ್ರಾಯವನ್ನು ತಿದ್ದಬಹುದು.

ಈ ಬೆಳಕಿನಲ್ಲಿ ಗೇರುಗುಡ್ಡಗಳತ್ತ ನೋಡಿದರೆ ಹಲವು ವಿಷಯಗಳು ತಿಳಿಯಾಗುತ್ತವೆ. ತೋಟದ ಕೂಲಿಯನ್ನೇ ನಂಬಿ ಮಕ್ಕಳನ್ನು ಸಾಕಿದ ಕುಟುಂಬಕ್ಕೆ, ಆ ಕೂಲಿಯೇ ಮಕ್ಕಳಿಗೆ ಮುಳುವಾಯಿತೆಂದು ಒಪ್ಪುವುದು ಎಷ್ಟು ಕಠಿಣ! ‘ಏನೂ ಅಪಾಯವಿಲ್ಲ’ ಎಂದು ವರ್ಷಗಟ್ಟಲೆ ಭರವಸೆ ಕೊಟ್ಟ ಅಧಿಕಾರಿಗೆ ಹೊಸ ಪುರಾವೆಯನ್ನು ಒಪ್ಪುವುದೆಂದರೆ ತನ್ನ ಹಳೆಯ ಮಾತಿನ ಹೊಣೆಯನ್ನು ಹೊರುವುದು. ಇವರೆಲ್ಲ ಕೆಟ್ಟವರಾಗಿರಬೇಕಾಗಿಲ್ಲ. ತಾನು ಒಳ್ಳೆಯವನೆಂಬ ನಂಬಿಕೆಯನ್ನು ಉಳಿಸಿಕೊಳ್ಳಲು ಪುರಾವೆಯನ್ನು ತಳ್ಳುವವನು ಹಲವೊಮ್ಮೆ ನಿಜಕ್ಕೂ ಒಳ್ಳೆಯವನೇ ಆಗಿರುತ್ತಾನೆ.

ವೈದ್ಯಲೋಕವೂ ಇದಕ್ಕೆ ಹೊರತಲ್ಲ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮೆಲ್‌ವೈಸ್ ಎಂಬ ವೈದ್ಯನು, ಶವಪರೀಕ್ಷೆ ಮುಗಿಸಿ ಬರುವ ವೈದ್ಯರು ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆದುಕೊಳ್ಳಬೇಕೆಂಬ ನಿಯಮ ತಂದನು. ಆ ಏಪ್ರಿಲಿನಲ್ಲಿ ನೂರಕ್ಕೆ ಸುಮಾರು 18ರಷ್ಟಿದ್ದ ಬಾಣಂತಿಯರ ಸಾವು ಎರಡು ತಿಂಗಳೊಳಗೆ ಎರಡರ ಆಸುಪಾಸಿಗೆ ಇಳಿಯಿತು. ಆದರೂ ಅನೇಕ ಹಿರಿಯ ವೈದ್ಯರು ಒಪ್ಪಲಿಲ್ಲ. ಒಪ್ಪಿದರೆ, ತಾಯಂದಿರಿಗೆ ಸಾವನ್ನು ತಂದದ್ದು ತಮ್ಮದೇ ಕೈಗಳೆಂದು ಒಪ್ಪಬೇಕಾಗುತ್ತಿತ್ತು. ಮುಂದೆ ಸೆಮೆಲ್‌ವೈಸನು ಬಹಿರಂಗ ಪತ್ರಗಳಲ್ಲಿ ವಿರೋಧಿಗಳನ್ನು ಕೊಲೆಗಾರರೆಂದು ಜರೆದನು. ಅವನ ಮಾತು ಸತ್ಯಕ್ಕೆ ಹತ್ತಿರವಿತ್ತು. ಆದರೆ ಅದನ್ನು ಕೇಳಿ ಒಪ್ಪಬೇಕಾಗಿದ್ದವರಿಗೆ ಒಳಬರಲು ಬಾಗಿಲೇ ಉಳಿಯಲಿಲ್ಲ.

ಬದಲಾವಣೆ ತಂದವರು

ಹಾಗಾದರೆ ಗಡಿಯೂರುಗಳಲ್ಲಿ ಅಭಿಪ್ರಾಯ ಬದಲಾದದ್ದು ಹೇಗೆ? ಹೊರಗಿನಿಂದ ಬಂದ ಒಂದು ಭಾಷಣದಿಂದಲ್ಲ. ಕರುಗಳು ಕಾಲು ತಿರುಚಿಕೊಂಡು ಹುಟ್ಟುವುದನ್ನು ಗಮನಿಸಿ 1980ರ ದಶಕದ ಆರಂಭದಲ್ಲಿಯೇ ಬರೆದವರು ಅದೇ ಮಣ್ಣಿನ ಕೃಷಿಕ, ಪತ್ರಕರ್ತ ಶ್ರೀ ಪಡ್ರೆ. ಪುತ್ತೂರಿನಿಂದ 1988ರಲ್ಲಿ ಪ್ರಾರಂಭವಾದ ‘ಅಡಿಕೆ ಪತ್ರಿಕೆ’ಯ ಮೂಲಕ ನಮ್ಮ ಕೃಷಿಕರಿಗೆಲ್ಲ ಅವರು ಪರಿಚಿತರು. ವಾಣೀನಗರದಲ್ಲಿ 1982ರಿಂದ ವೈದ್ಯವೃತ್ತಿ ನಡೆಸಿದ ಡಾ. ವೈ. ಎಸ್. ಮೋಹನ ಕುಮಾರರು ತಮ್ಮ ಬಳಿಗೆ ಬರುವ ರೋಗಿಗಳ ಮನೆಗಳು ಎಲ್ಲೆಲ್ಲಿವೆ ಎಂಬುದನ್ನು ವರ್ಷಗಳ ಕಾಲ ಗಮನಿಸಿದರು. ಮೊದಮೊದಲು ಅವರ ಸಂದೇಹವಿದ್ದುದು ಕುಡಿಯುವ ನೀರಿನ ಮೇಲೆ. ಕ್ರಮೇಣ ಆ ಸಂದೇಹವು ಗುಡ್ಡದ ಮೇಲಿನ ಸಿಂಪಡಣೆಯತ್ತ ಹೊರಳಿತು. ಹುಡುಕುತ್ತಿದ್ದವರೇ ತಮ್ಮ ಊಹೆಯನ್ನು ತಿದ್ದಿಕೊಳ್ಳುತ್ತ ಬಂದುದರಿಂದ ಅವರ ಮಾತಿಗೆ ತೂಕ ಬಂತು.

ಜಿಲ್ಲೆಯ ದಕ್ಷಿಣ ಭಾಗದ ಪೆರಿಯದಲ್ಲಿ ಲೀಲಾಕುಮಾರಿ ಅಮ್ಮ ಎಂಬವರು ಕೃಷಿ ಇಲಾಖೆಯ ಸಹಾಯಕಿಯಾಗಿದ್ದರು. ಕೃಷಿಕರಿಗೆ ಕೀಟನಾಶಕದ ಬಗ್ಗೆ ಸಲಹೆ ಕೊಡುವ ಇಲಾಖೆಯಲ್ಲಿ ದುಡಿಯುತ್ತಿದ್ದ ಆ ಮಹಿಳೆಯೇ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯಕ್ಕೆ ಹೋಗಿ ಸಿಂಪಡಣೆಗೆ ತಡೆಯಾಜ್ಞೆ ತಂದರು. ತನ್ನದೇ ಇಲಾಖೆಯ ರೂಢಿಗೆ ವಿರುದ್ಧವಾಗಿ ನಿಲ್ಲುವುದು ಎಷ್ಟು ಕಷ್ಟವೆಂಬುದನ್ನು ನೌಕರಿಯಲ್ಲಿರುವವರು ಬಲ್ಲರು.

ಈ ಮೂವರಲ್ಲಿ ಸಮಾನವಾದ ಒಂದು ಅಂಶವಿದೆ. ಇವರು ಜನರ ನಡುವೆಯೇ ಬದುಕಿದವರು. ಅದೇ ನೀರು ಕುಡಿದವರು, ಅದೇ ಗಾಳಿಯನ್ನು ಉಸಿರಾಡಿದವರು. ಇವರ ಮಾತು ‘ನಿಮ್ಮದು ತಪ್ಪು’ ಎಂಬ ಆರೋಪವಾಗಿರದೆ ‘ನಮಗೆ ಹೀಗಾಗಿದೆ, ನೋಡೋಣ’ ಎಂಬ ಕರೆಯಾಗಿತ್ತು. ತಾಯಂದಿರಿಗಂತೂ ಈ ಹೊಸ ತಿಳಿವಳಿಕೆಯು ಬಿಡುಗಡೆಯನ್ನೇ ತಂದಿತು. ಹಳೆಯ ನಂಬಿಕೆ ಅವರನ್ನು ಅಪರಾಧಿಗಳನ್ನಾಗಿಸಿತ್ತು. ಹೊಸದು ಆ ಹೊರೆಯನ್ನು ಇಳಿಸಿತು.

ಬಳಿಕ ಘಟನೆಗಳು ವೇಗವಾಗಿ ಸಾಗಿದವು. 2000ದಲ್ಲಿ ವೈಮಾನಿಕ ಸಿಂಪಡಣೆ ನಿಂತಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಗೇರುತೋಟದ ತಪ್ಪಲಿನ 117 ಶಾಲಾಬಾಲಕರನ್ನು ಸಿಂಪಡಣೆಯಿಲ್ಲದ ಪ್ರದೇಶದ 90 ಬಾಲಕರೊಂದಿಗೆ ಹೋಲಿಸಿ, ತಪ್ಪಲಿನವರಲ್ಲಿ ಪ್ರಾಯಕ್ಕೆ ಬರುವ ಲಕ್ಷಣಗಳು ವಿಳಂಬವಾಗಿರುವುದನ್ನೂ, ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿರುವುದನ್ನೂ 2003ರಲ್ಲಿ ಪ್ರಕಟಿಸಿದರು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ರಾಷ್ಟ್ರಗಳು ಇದನ್ನು ಹಂತಹಂತವಾಗಿ ಕೈಬಿಡಬೇಕಾದ ರಾಸಾಯನಿಕಗಳ ಪಟ್ಟಿಗೆ ಸೇರಿಸಿದವು. ಅದೇ ವರ್ಷದ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಅದರ ಉತ್ಪಾದನೆ, ಮಾರಾಟ, ಬಳಕೆಗಳನ್ನು ತಡೆಯಿತು. 2017ರ ಜನವರಿ 10ರಂದು, ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರವನ್ನು ಮೂರು ತಿಂಗಳೊಳಗೆ ನೀಡುವಂತೆ ಕೇರಳ ಸರಕಾರಕ್ಕೆ ಆದೇಶವಿತ್ತಿತು.

ಹೊಸ ನಂಬಿಕೆಗೂ ಅದೇ ತಕ್ಕಡಿ

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಅಭಿಪ್ರಾಯ ಬದಲಾದ ಮಾತ್ರಕ್ಕೆ ಮನಸ್ಸಿನ ಹಳೆಯ ಚಾಳಿ ಬದಲಾಗುವುದಿಲ್ಲ. ಮೊದಲು ಎಲ್ಲವೂ ದೈವದ ಮುನಿಸಾಗಿದ್ದರೆ, ಅನಂತರ ಎಲ್ಲವೂ ಎಂಡೋಸಲ್ಫಾನೇ ಆಗಿಬಿಡುವ ಸಾಧ್ಯತೆಯಿತ್ತು. ಯಾವ ಯಾವ ರೋಗಕ್ಕೆ ಸಿಂಪಡಣೆ ಕಾರಣ, ಯಾವುದಕ್ಕೆ ಅಲ್ಲ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ವಾದ ನಡೆದಿದೆ. ಅಂತಹ ಪ್ರಶ್ನೆಯನ್ನು ಎತ್ತಿದವರೆಲ್ಲ ಕಂಪೆನಿಯ ಪಕ್ಷದವರೆಂದು ಭಾವಿಸುವುದು ಸರಿಯಲ್ಲ. ಸಂಕಟದಲ್ಲಿರುವ ಮಗುವಿಗೆ ಆರೈಕೆ ಸಲ್ಲಬೇಕು. ಕಾರಣ ಯಾವುದೆಂದು ಪೂರ್ಣ ನಿರ್ಣಯವಾಗುವ ತನಕ ಅದು ಕಾಯಬೇಕಾಗಿಲ್ಲ. ಆದರೆ ಕಾರಣವನ್ನು ಹುಡುಕುವ ಕೆಲಸದಲ್ಲಿ ನಮಗೆ ಹಿತವಾದ ಉತ್ತರಕ್ಕೂ ಅಹಿತವಾದ ಉತ್ತರಕ್ಕೂ ಒಂದೇ ತೂಕವಿರಬೇಕು.

ನಮ್ಮ ಅಂಗಳದ ಅಡಿಕೆ

ಗೇರಿನ ಕಥೆ ಒಪ್ಪಲು ನಮಗೆ ಕಷ್ಟವಾಗಲಿಲ್ಲ, ಏಕೆಂದರೆ ಆ ತೋಟಗಳು ನಮ್ಮವಲ್ಲ. ಈಗ ನಮ್ಮದೇ ಅಂಗಳಕ್ಕೆ ಬರೋಣ. ಪುತ್ತೂರು, ಸುಳ್ಯ, ಕಡಬಗಳಲ್ಲಿ ಎಷ್ಟೋ ಕುಟುಂಬಗಳಿಗೆ ಅಡಿಕೆಯೇ ಅನ್ನ. ಮಕ್ಕಳ ಶುಲ್ಕ, ಮದುವೆಯ ಖರ್ಚು, ಆಸ್ಪತ್ರೆಯ ಬಿಲ್ಲು ಎಲ್ಲವೂ ಅದರಿಂದಲೇ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1985ರಲ್ಲಿ, ಹೊಗೆಸೊಪ್ಪು ಬೆರೆತ ಎಲೆಅಡಿಕೆ ಕ್ಯಾನ್ಸರ್‌ಕಾರಕವೆಂದೂ, ಹೊಗೆಸೊಪ್ಪಿಲ್ಲದ ಎಲೆಅಡಿಕೆಯ ಬಗ್ಗೆ ಆಧಾರ ಸಾಲದೆಂದೂ ಹೇಳಿತ್ತು. ಹೊಸ ಅಧ್ಯಯನಗಳು ಬಂದ ಮೇಲೆ 2003ರಲ್ಲಿ ಅದು ತನ್ನ ನಿಲುವನ್ನು ಬದಲಿಸಿ, ಅಡಿಕೆಯೇ ಕ್ಯಾನ್ಸರ್‌ಕಾರಕವೆಂದು ತೀರ್ಮಾನಿಸಿತು. ಬೆಳೆಗಾರರ ಸಂಘಟನೆಗಳು ಇದನ್ನು ಒಪ್ಪಿಲ್ಲ. ಹೊಗೆಸೊಪ್ಪು ಸೇರದ ಶುದ್ಧ ಅಡಿಕೆಯ ಬಗ್ಗೆ ಪ್ರತ್ಯೇಕ ಸಂಶೋಧನೆ ನಡೆಯಲಿ ಎಂಬುದು ಅವರ ಬೇಡಿಕೆ.

ಸಂಶೋಧನೆ ನಡೆಯಲಿ, ಅದನ್ನು ಕೇಳುವುದು ಬೆಳೆಗಾರರ ಹಕ್ಕು. ಆದರೆ ಪ್ರತಿಯೊಂದು ಮನೆಯೂ ತನ್ನನ್ನು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಇದೇ ವರದಿ, ಇದೇ ಪುರಾವೆ, ಇದೇ ಸಂಸ್ಥೆಯಿಂದ ಇನ್ನೊಂದು ರಾಜ್ಯದ ಇನ್ನೊಂದು ಬೆಳೆಯ ಬಗ್ಗೆ ಬಂದಿದ್ದರೆ ನಾವು ಇಷ್ಟೇ ಪುರಾವೆ ಕೇಳುತ್ತಿದ್ದೆವೇ? ಅಥವಾ ಪತ್ರಿಕೆಯಲ್ಲಿ ಓದಿದ ದಿನವೇ ನಂಬಿ ಮಕ್ಕಳಿಗೆ ಎಚ್ಚರಿಕೆ ಹೇಳುತ್ತಿದ್ದೆವೇ? ಉತ್ತರ ಪ್ರಾಮಾಣಿಕವಾಗಿದ್ದರೆ, ಗೇರುತೋಟದ ಅಧಿಕಾರಿಯ ಸ್ಥಾನದಲ್ಲಿ ನಾವೇ ಕುಳಿತಿರುವುದು ಕಾಣಬಹುದು. ಬೆಳೆಯನ್ನು ನಾಳೆಯೇ ಕಡಿದು ಹಾಕಬೇಕೆಂದು ಇದರ ಅರ್ಥವಲ್ಲ. ಹದಿಹರೆಯದ ಮಗ ಅಡಿಕೆ ಜಗಿಯುವುದನ್ನು ಕಂಡಾಗ, ಅಜ್ಜಿಯ ಬಾಯಿಯ ಹುಣ್ಣು ವಾರಗಟ್ಟಲೆ ಮಾಯದಿದ್ದಾಗ, ನಮ್ಮ ಬೆಳೆಯ ಮೇಲಿನ ಅಭಿಮಾನವು ವೈದ್ಯರ ಬಳಿಗೆ ಹೋಗುವ ದಾರಿಗೆ ಅಡ್ಡ ಬರಬಾರದು, ಅಷ್ಟೇ.

ಬದುಕಿಗೆ ಬೇರೆ ಆಧಾರವಿದ್ದಾಗ ಸತ್ಯವನ್ನು ನೋಡುವ ಧೈರ್ಯವೂ ಬರುತ್ತದೆ. ಸುಳ್ಯದ ಸಂಪಾಜೆ, ಅರಂತೋಡು ಭಾಗದಲ್ಲಿ ಹಳದಿ ಎಲೆ ರೋಗ ಬಡಿದ ತೋಟಗಳವರು ಇದನ್ನು ಬಲ್ಲರು. ಇನ್ನೊಂದು ಬೆಳೆ ಕೈ ಹಿಡಿಯುತ್ತದೆಂದು ಕಂಡ ಮೇಲೆಯೇ ‘ಈ ತೋಟ ಇನ್ನು ಏಳುವುದಿಲ್ಲ’ ಎಂಬ ಮಾತನ್ನು ಮನುಷ್ಯನು ಬಾಯಿಬಿಟ್ಟು ಹೇಳಬಲ್ಲ.

ಮನೆಯೊಳಗಿನ ಪಾಠ

ಅಭಿಪ್ರಾಯ ಬದಲಾಗಬೇಕಾದ ಮೊದಲ ಸ್ಥಳ ನಮ್ಮ ಊಟದ ಮೇಜು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಮಾಂಸದ ಅಭಾವವಾದಾಗ, ಗುಂಡಿಗೆ, ಮೂತ್ರಪಿಂಡ ಮುಂತಾದ ಒಳಾಂಗಗಳನ್ನು ಅಡುಗೆಗೆ ಬಳಸುವಂತೆ ಗೃಹಿಣಿಯರ ಮನವೊಲಿಸಬೇಕಾಯಿತು. ಕಾಳಿಜ್ ಆಂಕಿತಿಯ ರುಚಿ ಬಲ್ಲ ನಮ್ಮವರಿಗೆ ಇದು ವಿಚಿತ್ರವಾಗಿ ತೋರಬಹುದು. ಆದರೆ ಅಲ್ಲಿನವರಿಗೆ ಅದು ಅಸಹ್ಯದ ಸಂಗತಿಯಾಗಿತ್ತು. ಮನೋವಿಜ್ಞಾನಿ ಕುರ್ಟ್ ಲೆವಿನ್ ಕೆಲವು ಗುಂಪುಗಳಿಗೆ ಉತ್ತಮ ಉಪನ್ಯಾಸ ಏರ್ಪಡಿಸಿದನು. ಇನ್ನು ಕೆಲವು ಗುಂಪುಗಳಲ್ಲಿ ಹೆಂಗಸರೇ ತಮ್ಮ ಅಡಚಣೆಗಳನ್ನು ಮಾತನಾಡಿಕೊಂಡು ತಾವೇ ನಿರ್ಧಾರಕ್ಕೆ ಬರುವಂತೆ ಮಾಡಿದನು. ಬಳಿಕ ವಿಚಾರಿಸಿದಾಗ, ಉಪನ್ಯಾಸ ಕೇಳಿದವರಲ್ಲಿ ಹಿಂದೆಂದೂ ಬಳಸದ ಮಾಂಸವನ್ನು ಬೇಯಿಸಿದವರು ನೂರಕ್ಕೆ 3. ಕೂಡಿ ಮಾತನಾಡಿದವರಲ್ಲಿ 32.

ಉಪದೇಶ ಕೊಡುವುದರಲ್ಲಿ ಪಳಗಿದ ನಮಗೆಲ್ಲ, ತಂದೆತಾಯಿಗಳಿಗೆ, ಶಿಕ್ಷಕರಿಗೆ, ಹಿರಿಯರಿಗೆ ಇದರಲ್ಲಿ ಕಿವಿಮಾತಿದೆ. ಕುಡಿತಕ್ಕೆ ಬಿದ್ದ ಮಗನಿಗೆ, ಮಾನಸಿಕ ಅಸ್ವಸ್ಥತೆಯನ್ನು ರೋಗವೆಂದು ಒಪ್ಪದ ಅಜ್ಜನಿಗೆ, ಅಂಗವಿಕಲ ಮಗುವನ್ನು ಹೊರಗೆ ಕರೆತರಲು ನಾಚುವ ನೆಂಟರಿಗೆ ನಾವು ಎಷ್ಟೋ ಬಾರಿ ಸತ್ಯವನ್ನೇ ಹೇಳಿದ್ದೇವೆ. ಆದರೆ ಆ ಸತ್ಯವನ್ನು ಒಪ್ಪಿದರೆ ಅವರು ಏನನ್ನು ಕಳೆದುಕೊಳ್ಳುತ್ತಾರೆಂದು ಕೇಳಿದ್ದೇವೆಯೇ? ಕಳೆದುಕೊಳ್ಳುವುದು ಮಾನವಾದರೆ, ಮಾನ ಉಳಿಸಿ ಮಾತನಾಡೋಣ. ಜೊತೆಗಾರರಾದರೆ, ನಾವೇ ಜೊತೆಯಾಗೋಣ. ಮೊದಲು ಪೂರ್ತಿ ಕೇಳೋಣ. ಹತ್ತು ಜನರೆದುರು ಸೋಲಿಸುವುದನ್ನು ಬಿಡೋಣ. ಒಪ್ಪಿದ ದಿನ ‘ನಾನು ಆಗಲೇ ಹೇಳಿರಲಿಲ್ಲವೇ’ ಎಂಬ ಮಾತನ್ನು ನುಂಗಿಕೊಳ್ಳೋಣ. ಹಿಂದಿರುಗಿ ಬರುವವನಿಗೆ ಬಾಗಿಲು ತೆರೆದಿರಬೇಕಲ್ಲದೆ, ಬಾಗಿಲಲ್ಲಿ ಲೆಕ್ಕಪುಸ್ತಕ ಕಾಯುತ್ತಿರಬಾರದು.

ಗೇರುಗುಡ್ಡಗಳ ಮೇಲೆ ಹೆಲಿಕಾಪ್ಟರಿನ ಸದ್ದು ನಿಂತು ಎರಡು ದಶಕಗಳು ಮೀರಿದವು. ಆ ದಿನಗಳ ಮಕ್ಕಳನೇಕರು ಈಗ ಪ್ರಾಯಕ್ಕೆ ಬಂದಿದ್ದಾರೆ. ಅವರನ್ನು ಎತ್ತಿ ಆಡಿಸುತ್ತಿದ್ದ ತಾಯಂದಿರು ಮುಪ್ಪಿನತ್ತ ಸಾಗಿದ್ದಾರೆ. ತಮ್ಮ ಕಾಲಾನಂತರ ಮಗುವಿಗೆ ಯಾರು ಎಂಬ ಅವರ ಪ್ರಶ್ನೆಗೆ ಯಾವ ವರದಿಯಲ್ಲಿಯೂ ಉತ್ತರವಿಲ್ಲ. ಅವರು ಹೊತ್ತ ಹೊರೆಯಲ್ಲಿ ಒಂದು ಪಾಲು ವಿಷದ್ದಾದರೆ, ಇನ್ನೊಂದು ಪಾಲು ಕಂಡರೂ ಕಾಣದಂತಿದ್ದ ಮನಸ್ಸುಗಳದ್ದು. ಆ ಎರಡನೆಯ ಪಾಲನ್ನು ತಗ್ಗಿಸುವುದು ನಮ್ಮ ಕೈಯಲ್ಲಿದೆ. ಮುಂದಿನ ಬಾರಿ ಇಷ್ಟವಿಲ್ಲದ ಸುದ್ದಿಯೊಂದು ಮನೆಬಾಗಿಲಿಗೆ ಬಂದಾಗ, ಅದನ್ನು ತಳ್ಳುವ ಮುನ್ನ ಮೊಲವನ್ನು ಕೆಳಗಿಟ್ಟು ಅದರ ಕಾಲುಗಳನ್ನು ಇನ್ನೊಮ್ಮೆ ಎಣಿಸಿ ನೋಡೋಣ.